ಪ್ರವಾಸಿಗರು ಕಾಣದ ಮಳೆಗಾಲ: ಜೈನ ತುಳುನಾಡಿನ ನಾಲ್ಕು ತಿಂಗಳು

1623ರ ಡಿಸೆಂಬರಿನಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಮಂಗಳೂರಿನಿಂದ ಹೊರಟು ಮಣೇಲಿಗೆ ಬಂದನು. ಗುರುಪುರ ಹೊಳೆಯ ಸೀಮೆಯ ಈ ಊರನ್ನು ಇಂದಿನ ಮಳಲಿ ಎಂದು ಗುರುತಿಸಲಾಗಿದೆ. ಅವನು ರೋಮಿನ ಸಿರಿವಂತ ಮನೆತನದವನು. ಪರ್ಷಿಯಾದಲ್ಲಿ ತೀರಿಕೊಂಡ ಪತ್ನಿಯ ದೇಹವನ್ನು ತನ್ನ ಊರಿಗೆ ಒಯ್ದು ಮಣ್ಣು ಮಾಡುವ ಸಂಕಲ್ಪ ಹೊತ್ತು, ನೇರ ದಾರಿಯನ್ನು ಬಿಟ್ಟು ಬಳಸಿಕೊಂಡು ಗೋವೆಗೆ ಬಂದಿದ್ದನು. ಅಲ್ಲಿಂದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಕರಾವಳಿಗೆ ಇಳಿದಿದ್ದನು. ಉಳ್ಳಾಲದ ಚೌಟ ರಾಣಿಯನ್ನು ನೋಡಬೇಕೆಂಬ ಕುತೂಹಲವೇ ಅವನನ್ನು ಮಣೇಲಿಗೆ ಎಳೆತಂದಿತು.

ಅವನಿಗೆ ರಾಣಿ ಸಿಕ್ಕಿದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಕಾಲ್ನಡಿಗೆಯಲ್ಲಿ ಹೊರಟಿದ್ದಳು. ಬರಿಗಾಲು, ಹತ್ತಿಯ ಸಾದಾ ಬಟ್ಟೆ, ಮೇಲೆ ಆಳು ಹಿಡಿದ ತಾಳೆಗರಿಯ ಕೊಡೆ. ಉಡುಪನ್ನು ಕಂಡವರು ಅಡುಗೆಯವಳೆಂದುಕೊಳ್ಳಬಹುದು, ಮಾತನ್ನು ಕೇಳಿದರೆ ಮಾತ್ರ ಅರಸಿಯೆಂದು ತಿಳಿಯುತ್ತದೆ ಎಂಬರ್ಥದಲ್ಲಿ ಅವನು ನೇಪಲ್ಸಿನ ಗೆಳೆಯ ಮಾರಿಯೊ ಸ್ಕಿಪಾನೊಗೆ ಬರೆದನು. ಚೌಟರ ಇತಿಹಾಸಕ್ಕೆ ಈ ಪತ್ರ ಅಮೂಲ್ಯ ಆಧಾರ. ಆದರೆ ಅದರಲ್ಲಿ ಕಾಣುವುದು ಡಿಸೆಂಬರಿನ ತುಳುನಾಡು. ತಾಳೆಗರಿಯ ಕೊಡೆ ಬಿಸಿಲಿಗೆ ಹಿಡಿದದ್ದು. ಕಾಲುವೆಯ ತೋಡು ಒಣಗಿದ್ದು. ಆ ವರ್ಷದ ಮಳೆಗಾಲವನ್ನು ಆತ ಗೋವೆಯಲ್ಲಿ ಕಳೆದಿದ್ದನು. ಮಳೆ ನಿಂತ ಮೇಲೆಯೇ, ಅಕ್ಟೋಬರಿನಲ್ಲಿ, ಇತ್ತ ಹೊರಟದ್ದು.

ಇದು ಅವನೊಬ್ಬನ ಮಾತಲ್ಲ. ವಿಜಯನಗರಕ್ಕೆ ಹೋಗುವ ಹಾದಿಯಲ್ಲಿ ಮಂಗಳೂರನ್ನು ಮುಟ್ಟಿದ ಅಬ್ದುರ್ ರಜಾಕ್ ರಾಜಧಾನಿಯನ್ನು ಸೇರಿದ್ದು 1443ರ ಏಪ್ರಿಲಿನಲ್ಲಿ. ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳನ್ನು ಕ್ರಮವಾಗಿ ಹಾದು ಊರೂರಿನ ಬೆಳೆ, ಜಾತಿ, ಬಸದಿಗಳ ವಿವರವನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಬಂದದ್ದು 1801ರ ಮೊದಲ ತಿಂಗಳುಗಳಲ್ಲಿ. ಕಾರಣ ಸ್ಪಷ್ಟ. ಜೂನ್ ಬಂತೆಂದರೆ ಕರಾವಳಿಯ ಬಂದರುಗಳಿಗೆ ಹಡಗುಗಳು ಬರುತ್ತಿರಲಿಲ್ಲ. ನೇತ್ರಾವತಿ, ಫಲ್ಗುಣಿಗಳಿಗೆ ಸೇತುವೆಗಳಿರಲಿಲ್ಲ. ಘಟ್ಟದ ದಾರಿ ಎತ್ತುಗಳಿಗೂ ದುರ್ಗಮ. ಹೊರಗಿನವರು ಬರೆದ ಚರಿತ್ರೆಯಲ್ಲಿ ತುಳುನಾಡಿನ ಮೂರನೆಯ ಒಂದು ಭಾಗ ಹೀಗೆ ಬರೆಯದೆಯೇ ಉಳಿಯಿತು. ಆ ಭಾಗವನ್ನು ಬಿಟ್ಟರೆ ಈ ನಾಡಿನ ಜೈನ ಪರಂಪರೆಯ ಹಲವು ಸಂಗತಿಗಳು ಒಗಟಾಗಿಯೇ ಕಾಣುತ್ತವೆ.

ಮೊದಲ ಒಗಟು ಮಾಡಿನದು. ಮೂಡುಬಿದಿರೆಯ ತ್ರಿಭುವನ ತಿಲಕ ಚೂಡಾಮಣಿ ಬಸದಿ, ಜನರ ಬಾಯಲ್ಲಿ ಸಾವಿರ ಕಂಬದ ಬಸದಿ, ನಿರ್ಮಾಣವಾದದ್ದು 1430ರಲ್ಲಿ, ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ. ಹಂಪಿಯಲ್ಲಿ ಅದೇ ದೊರೆಯ ಕಾಲದ ಕಟ್ಟಡಗಳ ಮಾಳಿಗೆ ಸಮತಟ್ಟು. ಇಲ್ಲಿ ಮರದ ಹಲಗೆ ಹೊದಿಸಿದಂತೆ ಕಲ್ಲಿನ ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿದೆ. ಮೇಲಣ ಅಂತಸ್ತುಗಳು ಮರದವು, ಅವುಗಳ ಮೇಲೆ ತಾಮ್ರದ ಹೊದಿಕೆ. ಸೂರು ಕಂಬಗಳ ಸಾಲನ್ನು ದಾಟಿ ಸಾಕಷ್ಟು ಹೊರಗೆ ಚಾಚಿಕೊಂಡಿದೆ. 1876ರಲ್ಲಿ ಭಾರತೀಯ ವಾಸ್ತುವಿನ ಇತಿಹಾಸವನ್ನು ಬರೆದ ಜೇಮ್ಸ್ ಫರ್ಗುಸನ್‌ಗೆ ಈ ಮಾಡುಗಳು ದಕ್ಷಿಣ ಭಾರತದ ಯಾವ ಮಾದರಿಗೂ ಸೇರದಂತೆ ಕಂಡವು. ಇವುಗಳಿಗೆ ಹೋಲಿಕೆ ಸಿಗುವುದು ನೇಪಾಳದಲ್ಲಿ ಎಂದು ಆತ ಬರೆದನು. ಆ ಮಾತು ಇಂದಿಗೂ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಲೇ ಇದೆ. ಕದ್ರಿಯ ನಾಥಪಂಥಕ್ಕೂ ನೇಪಾಳಕ್ಕೂ ಇರುವ ನಂಟನ್ನು ಇದಕ್ಕೆ ಜೋಡಿಸಿ ಸಂತೋಷಪಟ್ಟವರೂ ಉಂಟು. ನಂಟು ನಿಜವಿರಬಹುದು, ಮಾಡಿಗೆ ಅದು ಬೇಕಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4000 ಮಿಲಿಮೀಟರ್, ಕಾಠ್ಮಂಡು ಕಣಿವೆಯ ಮಳೆಗಿಂತ ಎರಡು ಪಟ್ಟಿಗೂ ಮಿಗಿಲು. ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಬಂದುಬಿಡುತ್ತದೆ. ಮುಳಿಹುಲ್ಲು ಹೊದಿಸಿದ ಮನೆಯ ಮಾಡನ್ನು ಕಟ್ಟುತ್ತಿದ್ದ ಬಡಗಿಯ ಲೆಕ್ಕಾಚಾರವನ್ನೇ ಕಲ್ಲುಕುಟಿಗನು ಬಸದಿಗೆ ತಂದನು. ಕೇರಳದ ದೇವಾಲಯಗಳಲ್ಲಿಯೂ ಭಟ್ಕಳದ ಗುಡಿಗಳಲ್ಲಿಯೂ ಕಾಣುವುದು ಇದೇ ಬುದ್ಧಿ. ಫರ್ಗುಸನ್ ಹಿಮಾಲಯದವರೆಗೆ ಹೋಗಿದ್ದು ಅನಗತ್ಯ ಪ್ರಯಾಣ. ಜುಲೈ ತಿಂಗಳಲ್ಲಿ ಒಂದು ಮಧ್ಯಾಹ್ನ ಭೈರಾದೇವಿ ಮಂಟಪದಲ್ಲಿ ನಿಂತವರಿಗೆ ವಿಷಯ ತಾನಾಗಿ ತಿಳಿಯುತ್ತದೆ. ಅಂಗಳದಲ್ಲಿ ಮಾನಸ್ತಂಭ ಮಳೆಯ ತೆರೆಯಲ್ಲಿ ಮಸುಕಾಗಿದ್ದರೂ ಮಂಟಪದ ಕಂಬಗಳ ನುಣುಪಾದ ಕೆತ್ತನೆ ಒಣಗಿಯೇ ಇರುತ್ತದೆ. ಅಧಿಷ್ಠಾನದಲ್ಲಿರುವ ಜಿರಾಫೆಯ ಮತ್ತು ಚೀನೀ ಮಾದರಿಯ ಡ್ರ್ಯಾಗನ್ನಿನ ಉಬ್ಬುಚಿತ್ರಗಳು ಕಡಲ ವ್ಯಾಪಾರದ ಸಾಕ್ಷಿಗಳು. ಆ ವ್ಯಾಪಾರವೂ ಮಳೆಗಾಲ ಮುಗಿದ ಮೇಲೆಯೇ ನಡೆಯುತ್ತಿದ್ದುದು.

ಎರಡನೆಯ ಒಗಟು ಇದಕ್ಕಿಂತ ದೊಡ್ಡದು. ಕಾಗದವಾಗಲಿ ಗರಿಯಾಗಲಿ ಬಾಳಲು ಒಣ ಹವೆ ಬೇಕು. ಹಾಗಿರುವಾಗ ದಿಗಂಬರ ಪರಂಪರೆಯ ಅತಿ ಮುಖ್ಯ ಸಿದ್ಧಾಂತ ಗ್ರಂಥಗಳ ಪ್ರಾಚೀನ ಪ್ರತಿಗಳು ಉಳಿದದ್ದು ಬಯಲುಸೀಮೆಯ ಯಾವ ಮಠದಲ್ಲಿಯೂ ಅಲ್ಲ, ಗೋಡೆಗೆ ಹಾವಸೆ ಹಿಡಿಯುವ ಮೂಡುಬಿದಿರೆಯಲ್ಲಿ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಪ್ರತಿಗಳು ಇಲ್ಲಿನ ಸಿದ್ಧಾಂತ ಬಸದಿಯಲ್ಲಿದ್ದವು. ಶ್ರೀತಾಳೆಯ ಅಗಲವಾದ ಗರಿಗಳ ಮೇಲೆ ಕಂಠದಿಂದ ಕೊರೆಯದೆ ಮಸಿಯಲ್ಲಿ ಬರೆದ ಹಳಗನ್ನಡ ಲಿಪಿ. ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳು. ಕೊರೆದ ಅಕ್ಷರಕ್ಕೆ ತೇವ ತಗಲಿದರೆ ಮತ್ತೆ ಕಾಡಿಗೆ ತೀಡಬಹುದು. ಮಸಿ ಕದಡಿದರೆ ಅಕ್ಷರ ಹೋದಂತೆಯೇ. ಎಂಟು ನೂರು ವರ್ಷಗಳ ಮಳೆಯಲ್ಲಿ ಇವು ಹೇಗೆ ಉಳಿದವು?

ಉತ್ತರದ ಒಂದು ಭಾಗ ಪಂಚಾಂಗದಲ್ಲಿದೆ. ಷಟ್ಖಂಡಾಗಮವು ಪೂರ್ಣಗೊಂಡು ಚತುಸ್ಸಂಘವು ಅದನ್ನು ಪೂಜಿಸಿದ ದಿನವೆಂದು ಜೈನರು ಜ್ಯೇಷ್ಠ ಶುಕ್ಲ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಝಾಡಿಸಿ, ಗಾಳಿಗೆ ಒಡ್ಡಿ, ಹೊಸ ಬಟ್ಟೆಯಲ್ಲಿ ಸುತ್ತಿ ಪೂಜಿಸುವುದು ವಾಡಿಕೆ. ತುಳುನಾಡಿನಲ್ಲಿ ಆ ತಿಥಿ ಬರುವುದು ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ, ಎಂದರೆ ಮುಂಗಾರಿನ ಹೊಸ್ತಿಲಿನಲ್ಲಿ. ಪೂಜೆ ಯಾವ ಕಾರಣಕ್ಕೆ ಹುಟ್ಟಿದರೂ ಇರಲಿ, ಗರಿಗಳನ್ನು ಮಳೆಗಾಲಕ್ಕೆ ಮುನ್ನ ಒಮ್ಮೆ ಪರೀಕ್ಷಿಸುವ ಕಟ್ಟಳೆ ಅದರೊಳಗೆ ಸೇರಿಕೊಂಡಿದೆ. ಉಳಿದ ಭಾಗ ಭಟ್ಟಾರಕರ ಕಟ್ಟುನಿಟ್ಟಿನಲ್ಲಿದೆ. ಗ್ರಂಥಗಳನ್ನು ಓದಲು ಕೊಡುತ್ತಿರಲಿಲ್ಲ. ಯಾತ್ರಿಕರಿಗೆ ಸಿಗುತ್ತಿದ್ದುದು ಸಿದ್ಧಾಂತ ದರ್ಶನ ಮಾತ್ರ. ವಿದ್ಯೆಯನ್ನು ಪೆಟ್ಟಿಗೆಯಲ್ಲಿ ಇಟ್ಟರು ಎಂಬ ದೂರು ಆ ಕಾಲಕ್ಕೇ ಇತ್ತು. ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಕೈಯಿಂದ ಕೈಗೆ ಹೋಗಿದ್ದರೆ ಕೈಯ ತೇವದಿಂದಲೇ ಈ ಗರಿಗಳು ಮುಗಿದುಹೋಗುತ್ತಿದ್ದವು ಎಂಬುದನ್ನೂ ಅದರ ಪಕ್ಕದಲ್ಲಿ ಇಡಬೇಕು. 19ನೆಯ ಶತಮಾನದ ಕೊನೆಗೆ ಆರಂಭವಾದ ನಕಲಿನ ಕೆಲಸ ದಶಕಗಳ ಕಾಲ ನಡೆಯಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲೆಯ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಹದಿನಾರನೆಯ ಸಂಪುಟ ಬಂದದ್ದು 1958ರಲ್ಲಿ.

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಸ್ಥಿತಿ ತಿರುವುಮುರುವು. ತಿಮ್ಮಣ್ಣ ಅಜಿಲನು 1604ರಲ್ಲಿ ಫಲ್ಗುಣಿಯ ದಡದಲ್ಲಿ ನಿಲ್ಲಿಸಿದ 35 ಅಡಿ ಎತ್ತರದ ಬಾಹುಬಲಿಗೆ ಮಾಡಿಲ್ಲ, ಇರಬೇಕಾಗಿಯೂ ಇಲ್ಲ. ಕಾರ್ಕಳದ ಭೈರರಸನಿಗೆ ಹೆದರಿ ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹೂತಿಟ್ಟಿದ್ದರೆಂಬ ಐತಿಹ್ಯವುಂಟು. ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ, ತೀರ ಇತ್ತೀಚೆಗೆ 2012 ಮತ್ತು 2024ರಲ್ಲಿ, ಬೇಸಗೆಯ ಬಾಗಿಲಿನಲ್ಲಿ ನಡೆದವು. ನೆರೆದ ಜನ ಕಂಡದ್ದು ತೊಳೆದ ಕಲ್ಲನ್ನು. ಆಗಸ್ಟಿನಲ್ಲಿ ಹೋದವರಿಗೆ ಅದೇ ಕಲ್ಲು ಕಪ್ಪಾಗಿ, ಭುಜಗಳಿಂದ ನೀರು ಸಾಲಾಗಿ ಇಳಿಯುತ್ತ ಕಾಣುತ್ತದೆ. ಮೈಗೆ ಬಳ್ಳಿ ಹಬ್ಬಿದರೂ ಕದಲದ ತಪಸ್ವಿಯ ಕಥೆಗೆ ಆ ನೋಟವೇ ಹೆಚ್ಚು ಒಪ್ಪುವಂಥದು.

ಬಂಟ್ವಾಳಕ್ಕೆ ಮಳೆಯೆಂದರೆ ನೆರೆ. ಬಂಗ ಅರಸರು ಬಂಗಾಡಿಯಿಂದ ಇಳಿದು ನೇತ್ರಾವತಿಯ ದಡದ ನಂದಾವರದಲ್ಲಿ ನೆಲೆಸಿದ್ದು ದೋಣಿಯ ದಾರಿ ಕೈಗೆ ಸಿಗಲೆಂದೇ. ಘಟ್ಟದ ಸರಕು ಇಲ್ಲಿ ಎತ್ತಿನ ಬೆನ್ನಿನಿಂದ ದೋಣಿಗೆ ಇಳಿಯುತ್ತಿತ್ತು. ಬಂಟ್ವಾಳದ ಪೇಟೆ ಬೆಳೆದದ್ದು ಹಾಗೆ. ಅದೇ ಹೊಳೆ 1923ರಲ್ಲಿಯೂ 1974ರಲ್ಲಿಯೂ ಪೇಟೆಯೊಳಗೆ ನುಗ್ಗಿತು. ಹಳಬರು ಇಂದಿಗೂ ವಯಸ್ಸನ್ನು ಹೇಳುವಾಗ ನೆರೆಯ ವರ್ಷದಿಂದ ಎಣಿಸುವುದುಂಟು.

ಬಿಸಿಲುಗಾಲದ ಪ್ರವಾಸಿಗೆ ಕಾಣದ ಮತ್ತೊಂದು ಸಂಗತಿ ಮುನಿಗಳ ನೆಲೆ. ವರ್ಷದ ಎಂಟು ತಿಂಗಳು ವಿಹಾರದಲ್ಲಿರುವ ದಿಗಂಬರ ಮುನಿಗಳು ಆಷಾಢದಿಂದ ಕಾರ್ತಿಕದವರೆಗೆ ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಮಳೆಗೆ ನೆಲದಲ್ಲಿ ಹುಟ್ಟುವ ಅಸಂಖ್ಯ ಜೀವಿಗಳು ಕಾಲಿಗೆ ಸಿಕ್ಕದಿರಲಿ ಎಂಬುದೇ ಚಾತುರ್ಮಾಸದ ತಿರುಳು. ಒಂದು ಹೆಜ್ಜೆಗೆ ನೂರು ಹುಳುಗಳು ಸಿಗುವ ತುಳುನಾಡಿನ ಮಣ್ಣಿನಲ್ಲಿ ಈ ನಿಯಮಕ್ಕೆ ವ್ಯಾಖ್ಯಾನ ಬೇಕಿಲ್ಲ. ಶ್ರಾವಕರಿಗೂ ಇದು ನೇಮಗಳ ಕಾಲ. ಕೆಲವರು ಸೊಪ್ಪು ತರಕಾರಿಯನ್ನು ಬಿಡುತ್ತಾರೆ. ಮೋಡ ಕವಿದು ನಾಲ್ಕು ಗಂಟೆಗೇ ಕತ್ತಲಾಗುವ ದಿನಗಳಲ್ಲಿ ಅನಸ್ತಮಿತ ಭೋಜನಕ್ಕೆ ಅಡುಗೆಮನೆ ಬೇಗನೆ ಎದ್ದು ಬೇಗನೆ ಮುಗಿಯಬೇಕು. ಬಾವಿ ತುಂಬಿ ನೀರು ಕೆಂಪಾದಾಗ ಅದನ್ನು ಬಟ್ಟೆಯಲ್ಲಿ ಸೋಸಿ ಕಾಯಿಸಿ ಕುಡಿಯುವ ಹಳೆಯ ನೇಮ ಬರಿಯ ಶಾಸ್ತ್ರವಾಗಿ ಉಳಿಯದೆ ಆರೋಗ್ಯಕ್ಕೂ ನೆರವಾಗುತ್ತದೆ.

ಪಾನೀಯದ ಮಾತು ಬಂದಾಗ ಕಳ್ಳನ್ನು ಬಿಡಲಾಗದು. ತೆಂಗು, ತಾಳೆ, ಬೈನೆಗಳ ನಾಡಿದು. ಬಿಲ್ಲವರು ಮರ ಹತ್ತಿ ಕಳ್ಳು ಇಳಿಸುತ್ತಿದ್ದುದನ್ನು ಬುಕಾನನ್ ಗುರುತಿಸಿದ್ದಾನೆ. ಜೈನ ಅರಸರ ಸೀಮೆಯಲ್ಲಿಯೇ ಈ ಕಸುಬು ನಡೆಯಿತು. ಆದರೆ ಜೈನ ಗೃಹಸ್ಥನ ಮೂಲಗುಣಗಳು ಆರಂಭವಾಗುವುದೇ ಮದ್ಯ, ಮಾಂಸ, ಮಧುಗಳ ತ್ಯಾಗದಿಂದ. ಮದ್ಯ ಮನಸ್ಸನ್ನು ಕೆಡಿಸುತ್ತದೆಂಬುದು ಎಲ್ಲ ಮತಗಳೂ ಹೇಳುವ ಕಾರಣ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೊಂದನ್ನು ಸೇರಿಸುತ್ತಾರೆ: ಹುಳಿತ ರಸವು ಅನೇಕ ಜೀವಿಗಳ ಹುಟ್ಟುನೆಲೆ, ಕುಡಿಯುವವನಿಗೆ ಹಿಂಸೆಯ ದೋಷ ತಪ್ಪದು. ಹುಳಿಯುವಿಕೆಯ ಹಿಂದೆ ಜೀವಿಗಳಿವೆಯೆಂದು ಲೂಯಿ ಪಾಶ್ಚರ್ ಪ್ರಯೋಗಶಾಲೆಯಲ್ಲಿ ತೋರಿಸಿದ್ದು 19ನೆಯ ಶತಮಾನದಲ್ಲಿ. ಆಚಾರ್ಯರ ಮಾತನ್ನು ವಿಜ್ಞಾನವೆಂದು ಮೆರೆಸಬೇಕಾಗಿಲ್ಲ. ಅವರ ಆಸಕ್ತಿ ಬೇರೆ. ಗಮನಿಸಬೇಕಾದದ್ದು, ಅರಸರು ಮದ್ಯವನ್ನು ತ್ಯಜಿಸಿದರೂ ಮೂರ್ತೆಯ ಕಸುಬು ಅಳಿಯಲಿಲ್ಲ ಎಂಬುದು. ವ್ರತ ಅವರವರದು, ಜೀವನೋಪಾಯ ಊರಿನದು.

ಇಡೀ ಊರು, ಜಾತಿಯ ಭೇದವಿಲ್ಲದೆ, ಒಂದೇ ದಿನ ಒಂದೇ ರಸವನ್ನು ಕುಡಿಯುವ ವಾಡಿಕೆಯೂ ಮಳೆಗಾಲದ್ದೇ. ಆಟಿ ಅಮಾವಾಸ್ಯೆಯಂದು ಸೂರ್ಯ ಮೂಡುವ ಮುನ್ನ ಗಂಡಸರು ಕಾಡಿಗೆ ಹೋಗಿ ಪಾಲೆ ಮರದ, ಎಂದರೆ ಸಪ್ತಪರ್ಣಿಯ, ತೊಗಟೆಯನ್ನು ತರುತ್ತಾರೆ. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಿಂದಲೇ ಜಜ್ಜಿ ಕೀಳಬೇಕು. ತೊಗಟೆಯನ್ನು ಅರೆದು ರಸ ಹಿಂಡಿ, ಓಮ, ಕರಿಮೆಣಸು ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಹಾಕಿ ಒಗ್ಗರಿಸುತ್ತಾರೆ. ಬೆಳ್ಳುಳ್ಳಿ ಹಾಕುವ ಮನೆಗಳೂ ಉಂಟು. ಕಂದಮೂಲಗಳನ್ನು ಬಿಟ್ಟವರಿಗೆ ಅದು ಸಲ್ಲದು, ಮೆಣಸೂ ಓಮವೂ ಸಾಕು. ಬರಿಹೊಟ್ಟೆಯಲ್ಲಿ ಕುಡಿಯುವ ಈ ಕಹಿಯ ಬಗ್ಗೆ ಹಿರಿಯರು ಕಿರಿಯರಿಗೆ ಹೇಳುವ ಎಚ್ಚರಿಕೆ ಒಂದೇ: ಮರ ಗೊತ್ತಿರುವವರ ಜೊತೆಯಲ್ಲಿ ಹೋಗಬೇಕು. ಅದೇ ಕಾಡಿನಲ್ಲಿ ಕಾಸರಕನ ಮರವೂ ಇದೆ, ಅದು ವಿಷ. ನಸುಗತ್ತಲಲ್ಲಿ, ಮಳೆಯಲ್ಲಿ, ನೆನೆದ ತೊಗಟೆಯನ್ನು ಕೈಯಿಂದ ಮುಟ್ಟಿ ಗುರುತಿಸುವಾಗ ತಪ್ಪುವುದು ಸುಲಭ. ಆದ್ದರಿಂದ ಬಲ್ಲವರು ಹಿಂದಿನ ದಿನವೇ ಹಗಲಿನಲ್ಲಿ ಹೋಗಿ ಮರವನ್ನು ನೋಡಿಟ್ಟು ಬರುತ್ತಾರೆ. ಕಷಾಯ ಕುಡಿದ ಮೇಲೆ ನಾಲಗೆಗೆ ಒಂದು ಚೂರು ಬೆಲ್ಲ; ಸ್ವಲ್ಪ ಹೊತ್ತು ಬಿಟ್ಟು, ಹೊಟ್ಟೆಯ ಉರಿ ತಣಿಯಲೆಂದು, ತೆಂಗಿನಹಾಲು ಹಾಕಿದ ಮೆಂತೆಯ ಗಂಜಿ.