ಸಂತ ಮೇರಿ ದ್ವೀಪದ ಕಲ್ಲುಗಳು ಏನು ಹೇಳುತ್ತವೆ?



ಸೆಪ್ಟೆಂಬರ್ ತಿಂಗಳಲ್ಲಿ ಒಂದೇ ವಾರದೊಳಗೆ ಮೂರು ಹಬ್ಬಗಳು ಬರುತ್ತವೆ. 8ರಂದು ಮಾತೆ ಮರಿಯಮ್ಮನವರ ಜನನೋತ್ಸವ, 14ರಂದು ಪವಿತ್ರ ಶಿಲುಬೆಯ ವಿಜಯೋತ್ಸವ, 15ರಂದು ವ್ಯಾಕುಲ ಮಾತೆಯ ಸ್ಮರಣೆ. ತಾಯಿಯ ಹುಟ್ಟು, ಮಗನ ಶಿಲುಬೆ, ಶಿಲುಬೆಯ ಬುಡದಲ್ಲಿ ತಾಯಿಯ ಕಣ್ಣೀರು. ಈ ಮೂರನ್ನೂ ಒಟ್ಟಿಗೆ ನೆನಪಿಗೆ ತರುವ ಒಂದು ಜಾಗ ನಮ್ಮ ಕರ್ನಾಟಕದಲ್ಲೇ ಇದೆ. ಅದು ಉಡುಪಿ ಬಳಿಯ ಮಲ್ಪೆಯ ಕಡಲಿನಲ್ಲಿರುವ ಸಂತ ಮೇರಿ ದ್ವೀಪ.

ದಸರಾ ರಜೆಯಲ್ಲೋ ಕ್ರಿಸ್ಮಸ್ ರಜೆಯಲ್ಲೋ ನಮ್ಮ ಮಹಾಲಿಂಗಪುರ, ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಕಡೆಯ ಕುಟುಂಬಗಳು ಕರಾವಳಿಗೆ ಹೋಗಿಬರುವುದುಂಟು. ಮಳೆಗಾಲದಲ್ಲಿ ಕಡಲು ಒರಟಾಗಿರುವುದರಿಂದ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಉಳಿದ ತಿಂಗಳುಗಳಲ್ಲಿ ಮಲ್ಪೆಯಿಂದ ದೋಣಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ದ್ವೀಪ ಸಿಗುತ್ತದೆ. ಮಾರ್ಗದರ್ಶಿಯ ಹಿಂದೆ ಬಂಡೆಗಳ ಅಂಚಿನಲ್ಲಿ ಜೋಪಾನವಾಗಿ ನಡೆಯುತ್ತಾ ಹೋದರೆ, ಯಾರೋ ಕಡೆದು ನಿಲ್ಲಿಸಿದಂಥ ಕಲ್ಲಿನ ಕಂಬಗಳು ಸಾಲುಸಾಲಾಗಿ ಕಾಣುತ್ತವೆ. ಒಂದಕ್ಕೆ ಐದು ಮುಖ, ಇನ್ನೊಂದಕ್ಕೆ ಆರು, ಮತ್ತೊಂದಕ್ಕೆ ಏಳು. ಕೆಳಗೆ ಅಲೆಗಳ ಬಡಿತ.

ಈ ಕಂಬಗಳನ್ನು ಯಾವ ಶಿಲ್ಪಿಯೂ ಕಡೆದಿಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು, ಬೇರ್ಪಡುತ್ತಿದ್ದ ಕಾಲದಲ್ಲಿ ಭೂಗರ್ಭದಿಂದ ಉಕ್ಕಿದ ಲಾವಾರಸ ಇಲ್ಲಿ ಆರಿ ಕಲ್ಲಾಯಿತು. ಆರುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ನಮ್ಮ ಎರಿಹೊಲ ಬಾಯಿ ಬಿಟ್ಟಾಗ ನೆಲದ ಮೇಲೆ ಐದಾರು ಮೂಲೆಯ ಹೆಂಟೆಗಳು ಹೇಗೆ ಮೂಡುತ್ತವೋ ಹಾಗೆಯೇ ಇದು. ಮಣ್ಣು ನೀರು ಆರಿ ಬಿರಿಯುತ್ತದೆ, ಆ ಕಲ್ಲು ಕಾವು ಆರಿ ಬಿರಿಯಿತು. ಸೃಷ್ಟಿಕರ್ತ ದೇವರು ಹೊಲದಲ್ಲಿಯೂ ಕಡಲಿನಲ್ಲಿಯೂ ಒಂದೇ ನಿಯಮವನ್ನು ಇಟ್ಟಿದ್ದಾರೆ.

ಇಂಥದೇ ಕಂಬಗಳು ಐರ್ಲೆಂಡಿನ ಉತ್ತರ ಕಡಲತೀರದಲ್ಲೂ ಇವೆ. ಜೈಂಟ್ಸ್ ಕಾಸ್‌ವೇ ಎಂಬ ಆ ಸ್ಥಳದಲ್ಲಿ ಸುಮಾರು 40,000 ಕಂಬಗಳಿದ್ದು, 1986ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿಗೆ ದಾಟಲು ಕಟ್ಟಿದ ಹಾದಿ ಅದು ಎಂದು ಆ ನಾಡಿನ ಜನಪದ ಕಥೆ. ಕಡಲ ಬಂಡೆಗಳ ಮೇಲೆ ನಡೆಯಲು ಹೋದವರು ದೈತ್ಯನ ಕಥೆಯನ್ನೂ ಕೇಳುತ್ತಾರೆ, ಲಾವಾರಸ ಆರಿದ ಸಂಗತಿಯನ್ನೂ ತಿಳಿಯುತ್ತಾರೆ. ಕಥೆಯನ್ನು ಕಥೆಯೆಂದೂ ನಿಜವನ್ನು ನಿಜವೆಂದೂ ಹೇಳಿದರೆ ಯಾರಿಗೂ ನಷ್ಟವಿಲ್ಲ.

ನಮ್ಮ ದ್ವೀಪಕ್ಕೂ ಒಂದು ಕಥೆ ಇದೆ. ವಾಸ್ಕೋ ಡ ಗಾಮ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ಇಲ್ಲಿಯೇ, ಇಲ್ಲಿಂದಲೇ ಆತ ಕಲ್ಲಿಕೋಟೆಗೆ ಹೋದ ಎಂದು ಬಹಳ ಜನ ಹೇಳುತ್ತಾರೆ. ಕಥೋಲಿಕರಾದ ನಾವು ಅದನ್ನು ಹೆಮ್ಮೆಯಿಂದ ಕೇಳಿಸಿಕೊಳ್ಳುತ್ತೇವೆ. ಆದರೆ ಆ ಪ್ರಯಾಣದಲ್ಲಿ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿ ಬೇರೆಯದನ್ನೇ ಹೇಳುತ್ತದೆ. ಗಾಮನ ಹಡಗುಗಳು ಕಲ್ಲಿಕೋಟೆಯ ಸಮೀಪಕ್ಕೆ ಬಂದದ್ದು 1498ರ ಮೇ 20ರಂದು. ಅಲ್ಲಿನ ರಾಜ ಸಾಮೂದಿರಿಯೊಂದಿಗೆ ಮನಸ್ತಾಪವಾಗಿ ಆಗಸ್ಟ್ 29ರಂದು ಅವು ಹೊರಟವು. ಬಡಗಣ ದಿಕ್ಕಿಗೆ ಸಾಗುತ್ತಾ ಸೆಪ್ಟೆಂಬರ್ 15ರಂದು, ಶನಿವಾರ, ದಡದಿಂದ ಎರಡು ಹರದಾರಿ ದೂರದ ಪುಟ್ಟ ದ್ವೀಪಗಳನ್ನು ಕಂಡವು. ಅವುಗಳಲ್ಲಿ ಒಂದರ ಮೇಲೆ ಕಲ್ಲಿನ ಕಂಬ ನೆಟ್ಟು ಅದಕ್ಕೆ ಸಾಂತಾ ಮರಿಯಾ ಎಂದು ಹೆಸರಿಟ್ಟರು. ಆ ದ್ವೀಪವೇ ಮಲ್ಪೆಯ ಈ ದ್ವೀಪ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಗುರುತಿಸುತ್ತಾರೆ. ಅಂದರೆ ಗಾಮ ಇಲ್ಲಿಗೆ ಬಂದದ್ದು ಮರಳುವ ದಾರಿಯಲ್ಲಿ. ಅಂದು ಮಾತೆಯ ಜನನೋತ್ಸವದಿಂದ ಎಂಟನೆಯ ದಿನ, ಶಿಲುಬೆಯ ಹಬ್ಬದ ಮರುದಿನ.

ಪೋರ್ಚುಗಲ್ಲಿನ ರಾಜ ಇಂಥ ಮೂರು ಕಂಬಗಳನ್ನು ನೆಡಲು ಹೇಳಿ ಕಳುಹಿಸಿದ್ದ. ಸಂತ ರಫಾಯೇಲರ ಹೆಸರಿನದು ಆಫ್ರಿಕಾದಲ್ಲಿ, ಸಂತ ಗಬ್ರಿಯೇಲರ ಹೆಸರಿನದು ಕಲ್ಲಿಕೋಟೆಯಲ್ಲಿ, ಮಾತೆಯ ಹೆಸರಿನದು ಇಲ್ಲಿ. ಮೀನು ಹಿಡಿದು ತಂದ ದೋಣಿಯವರಿಗೆ ಗಾಮ ಅಂಗಿಗಳನ್ನು ಕೊಟ್ಟು, ಕಂಬ ನೆಡಬಹುದೇ ಎಂದು ಕೇಳಿದನೆಂದೂ ಅವರು ಒಪ್ಪಿದರೆಂದೂ ದಿನಚರಿ ಹೇಳುತ್ತದೆ. ಭಾಷೆ ತಿಳಿಯದ ಪೋರ್ಚುಗೀಸರು ಆಗ ನಮ್ಮ ನಾಡಿನ ಹಿಂದೂಗಳನ್ನು ಕ್ರೈಸ್ತರೆಂದೇ ನಂಬಿದ್ದರು. ಕಲ್ಲಿಕೋಟೆಯಲ್ಲಿ ದೇವಸ್ಥಾನವೊಂದನ್ನು ಚರ್ಚ್ ಎಂದು ತಿಳಿದು ಪ್ರಾರ್ಥಿಸಿಯೂ ಬಂದಿದ್ದರು. ಕೇರಳದಲ್ಲಿ ಸಂತ ತೋಮಾಸರ ಕ್ರೈಸ್ತರು ಎಷ್ಟೋ ಶತಮಾನಗಳಿಂದ ಬಾಳುತ್ತಿದ್ದರೆಂಬುದು ನಿಜ. ನಮ್ಮ ದೇಶಕ್ಕೆ ವಿಶ್ವಾಸವನ್ನು ಮೊದಲು ತಂದದ್ದು ಗಾಮನ ಹಡಗಲ್ಲ.

ಆ ಕಂಬದ ತುದಿಯಲ್ಲಿ ಶಿಲುಬೆ ಇತ್ತು, ಅದರ ಕೆಳಗೆ ರಾಜಲಾಂಛನವೂ ಇತ್ತು. ಒಂದು ದೇವರ ಗುರುತು, ಇನ್ನೊಂದು ಅಧಿಕಾರದ ಗುರುತು. ಎರಡನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿದ್ದರ ಫಲವನ್ನು ನಾಲ್ಕು ವರ್ಷಗಳಲ್ಲಿಯೇ ಈ ಕಡಲು ಕಂಡಿತು. 1502ರಲ್ಲಿ ಗಾಮ ಎರಡನೆಯ ಸಲ ಬಂದ. ಆ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ, ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದ ಮುಸ್ಲಿಮರ ಹಡಗೊಂದನ್ನು ಮಲಬಾರಿನ ಕಡಲಿನಲ್ಲಿ ತಡೆದು, ದೋಚಿ, ನೂರಾರು ಜನರ ಸಮೇತ ಬೆಂಕಿ ಇಡಿಸಿದ. ಹಡಗಿನಲ್ಲಿದ್ದ ಹೆಂಗಸರು ತಮ್ಮ ಒಡವೆಗಳನ್ನು ತೋರಿಸಿ, ಕಂಕುಳ ಕೂಸುಗಳನ್ನು ಮೇಲೆತ್ತಿ ಹಿಡಿದು ಕರುಣೆ ಬೇಡಿದರೆಂದು ಅದೇ ಪಡೆಯಲ್ಲಿದ್ದ ತೊಮೆ ಲೋಪೆಸ್ ಬರೆದಿಟ್ಟಿದ್ದಾನೆ. ಬರೆದವನು ಶತ್ರುವಲ್ಲ, ಅವರಲ್ಲೇ ಒಬ್ಬ ಕ್ರೈಸ್ತ.

ಪ್ರಿಯರೇ, ಹಬ್ಬದ ದಿನಗಳಲ್ಲಿ ಇದನ್ನೇಕೆ ಹೇಳಬೇಕು? 1913ರಲ್ಲಿ ಜಗದ್ಗುರು ಹತ್ತನೆಯ ಪಿಯುಸ್‌ರವರು ವ್ಯಾಕುಲ ಮಾತೆಯ ಹಬ್ಬವನ್ನು ಸೆಪ್ಟೆಂಬರ್ 15ಕ್ಕೆ ನಿಗದಿಪಡಿಸಿದರು. ಗಾಮ ತಾಯಿಯ ಹೆಸರಿನಲ್ಲಿ ಕಂಬ ನೆಟ್ಟ ತಾರೀಖೂ ಅದೇ. ಮಾತೆಯ ಹೆಸರನ್ನು ಕಲ್ಲಿಗೆ ಇಟ್ಟವನಿಗೆ, ಉರಿಯುವ ಹಡಗಿನಲ್ಲಿ ಕೂಸು ಎತ್ತಿ ಹಿಡಿದ ತಾಯಂದಿರಲ್ಲಿ ಆ ಮಾತೆಯ ಮುಖ ಕಾಣಲಿಲ್ಲ. ಸಿಮೆಯೋನನು ಹೇಳಿದ ಅಲಗು ಮರಿಯಮ್ಮನವರ ಹೃದಯವನ್ನು ಅಂದೂ ತಿವಿದಿರಬೇಕು.

ಇಂಥ ಸತ್ಯವನ್ನು ಹೇಳಿಕೊಳ್ಳುವುದರಿಂದ ಧರ್ಮಸಭೆಗೆ ಅವಮಾನವಿಲ್ಲ. ಮಹಾಜ್ಯೂಬಿಲಿಯ ವರ್ಷವಾದ 2000ದ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪಾಲರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಧರ್ಮಸಭೆಯ ಮಕ್ಕಳು ಇತಿಹಾಸದಲ್ಲಿ ಎಸಗಿದ ಪಾಪಗಳಿಗಾಗಿ ಲೋಕದ ಮುಂದೆಯೇ ದೇವರಲ್ಲಿ ಕ್ಷಮೆ ಬೇಡಿದರು. ಸತ್ಯದ ಸೇವೆಯ ಹೆಸರಿನಲ್ಲಿ ನಡೆದ ಹಿಂಸೆಯೂ ಆ ಪ್ರಾರ್ಥನೆಯಲ್ಲಿ ಸೇರಿತ್ತು.

ಇದೇ ಕರಾವಳಿಗೆ ಇನ್ನೊಬ್ಬರೂ ಬಂದರು. ಗೋವೆಯ ಬೆನೌಲಿಮ್‌ನಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಗುರು 1681ರಿಂದ 1684ರವರೆಗೆ ಕೆನರಾದಲ್ಲಿ ಊರೂರು ತಿರುಗಿ ಚದುರಿದ್ದ ವಿಶ್ವಾಸಿಗಳನ್ನು ಒಟ್ಟುಗೂಡಿಸಿದರು. ಅವರ ಹಿಂದೆ ತೋಪು ಇರಲಿಲ್ಲ, ರಾಜಮುದ್ರೆಯೂ ಇರಲಿಲ್ಲ. ಮುಂದೆ ಕೂಲಿಯವನ ವೇಷದಲ್ಲಿ ಶ್ರೀಲಂಕಾ ಸೇರಿ, ಸಿಡುಬು ತಗಲಿದವರ ಆರೈಕೆ ಮಾಡಿ ಅಲ್ಲಿಯೇ ತೀರಿಕೊಂಡರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಗಾಮ ನೆಟ್ಟ ಕಂಬ ಇಂದು ಆ ದ್ವೀಪದಲ್ಲಿಲ್ಲ. ಸಂತ ಜೋಸೆಫ್ ವಾಜರು ಸಾಕಿದ ವಿಶ್ವಾಸ ಕರಾವಳಿಯ ಮನೆಮನೆಯ ಜಪಸರದಲ್ಲಿ ಇಂದಿಗೂ ಇದೆ.

ನಮ್ಮ ಊರುಗಳಲ್ಲಿ ನಾವು ಬೆರಳೆಣಿಕೆಯಷ್ಟು ಕ್ರೈಸ್ತ ಕುಟುಂಬಗಳು. ಬೆಲ್ಲದ ಪೇಟೆಯಲ್ಲಿ, ಮಗ್ಗದ ಮನೆಗಳಲ್ಲಿ, ಕಬ್ಬಿನ ಹೊಲಗಳಲ್ಲಿ ಲಿಂಗಾಯತರೊಂದಿಗೆ, ಮುಸ್ಲಿಮರೊಂದಿಗೆ, ಎಲ್ಲ ಜನರೊಂದಿಗೆ ಕೂಡಿ ದುಡಿಯುವವರು. ನಿಮ್ಮ ಧರ್ಮ ಪರಂಗಿಯವರು ತಂದದ್ದಲ್ಲವೇ ಎಂದು ಶಾಲೆಯಲ್ಲಿ ಯಾರಾದರೂ ಕೇಳಿದರೆ ನಮ್ಮ ಮಕ್ಕಳು ತಲೆ ತಗ್ಗಿಸಬೇಕಾಗಿಲ್ಲ, ಜಗಳಕ್ಕೂ ನಿಲ್ಲಬೇಕಾಗಿಲ್ಲ. ನಡೆದದ್ದನ್ನು ನಡೆದಂತೆ ಬಲ್ಲವರಾದರೆ ಸಾಕು.

ಜೋರ್ಡನ್ ನದಿ ದಾಟಿದ ಮೇಲೆ ಯೆಹೋಶುವನು ಹನ್ನೆರಡು ಕಲ್ಲುಗಳನ್ನು ನಿಲ್ಲಿಸಿ, ಮುಂದೆ ಮಕ್ಕಳು ಈ ಕಲ್ಲುಗಳ ಅರ್ಥವೇನೆಂದು ಕೇಳಿದಾಗ ತಿಳಿಸಿ ಹೇಳಬೇಕೆಂದು ಇಸ್ರಯೇಲರಿಗೆ ಆಜ್ಞಾಪಿಸಿದನು. ಈ ಸಲದ ರಜೆಯಲ್ಲಿ ಮಲ್ಪೆಗೆ ಹೋದವರು ಮಕ್ಕಳನ್ನು ಆ ಬಂಡೆಗಳ ಮೇಲೆ ನಡೆಸಿರಿ. ಕೋಟ್ಯಂತರ ವರ್ಷಗಳ ಕಲ್ಲನ್ನು ಮುಟ್ಟಿಸಿರಿ, ಕಂಬದ ಕಥೆಯನ್ನೂ ಸುಟ್ಟ ಹಡಗಿನ ಕಥೆಯನ್ನೂ ಹೇಳಿರಿ. ಕೊನೆಗೆ ಅಲ್ಲೇ ನಿಂತು, ಆ ಹಡಗಿನಲ್ಲಿ ಮಡಿದವರಿಗಾಗಿ ಒಂದು ನಮೋ ಮರಿಯ ಪ್ರಾರ್ಥನೆ ಹೇಳಿರಿ. ತನ್ನ ಹೆಸರು ಹೊತ್ತ ದ್ವೀಪದಲ್ಲಿ ವ್ಯಾಕುಲ ಮಾತೆಯು ಆ ಪ್ರಾರ್ಥನೆಯನ್ನು ಖಂಡಿತವಾಗಿ ಆಲಿಸುವರು.

ಹಬ್ಬಗಳ ಶುಭಾಶಯಗಳು. ಆಮೆನ್.