ಉಲ್ಕಾಶಿಲೆಗಳಲ್ಲಿ ನಕ್ಷತ್ರಜನ್ಯ ಇಂಗಾಲ

ಸೌರವ್ಯೂಹ ಹುಟ್ಟಿದಾಗಿನಿಂದ ಹೆಚ್ಚು ಕಾಯದೆ, ಕರಗದೆ ಉಳಿದ ಆದಿಮ ಉಲ್ಕಾಶಿಲೆಗಳಲ್ಲಿ ಸೂರ್ಯನಿಗಿಂತ ಹಳೆಯ ಖನಿಜಕಣಗಳು ಹುದುಗಿವೆ. ಇವುಗಳಲ್ಲಿ ಮೊದಲು ಪತ್ತೆಯಾದವು ವಜ್ರ, ಸಿಲಿಕಾನ್ ಕಾರ್ಬೈಡ್ ಮತ್ತು ಗ್ರಾಫೈಟ್. ಮೂರೂ ಇಂಗಾಲದ ಖನಿಜಗಳೇ. ಆದರೆ ಶೋಧ ಶುರುವಾದದ್ದು ಇಂಗಾಲಕ್ಕಾಗಿ ಅಲ್ಲ, ಅವುಗಳೊಳಗೆ ಸಿಕ್ಕಿಕೊಂಡಿದ್ದ ಅನಿಲಕ್ಕಾಗಿ.

ಉಲ್ಕಾಶಿಲೆಯಲ್ಲಿ ಇಂಗಾಲವಿರುವುದು ಹತ್ತೊಂಬತ್ತನೆಯ ಶತಮಾನದಲ್ಲೇ ತಿಳಿದಿತ್ತು. 1806ರಲ್ಲಿ ಫ್ರಾನ್ಸಿನ ಅಲೇ ಬಳಿ ಬಿದ್ದ ಕಲ್ಲನ್ನು ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್ 1834ರಲ್ಲಿ ವಿಶ್ಲೇಷಿಸಿದ್ದ. ಇಂಗಾಲವಿದ್ದಲ್ಲಿ ಜೀವದ ಕುರುಹೂ ಇರಬಹುದೆಂಬ ಆಸೆ ಮುಂದೆ ಬಹುಕಾಲ ಕಾಡಿತು. 1864ರಲ್ಲಿ ಬಿದ್ದ ಓರ್ಗೇ ಉಲ್ಕೆಯ ಒಂದು ತುಂಡನ್ನು ನೂರು ವರ್ಷಗಳ ಮೇಲೆ ಪರೀಕ್ಷಿಸಿದಾಗ ಅದರಲ್ಲಿ ಜೊಂಡಿನ ಬೀಜ, ಕಲ್ಲಿದ್ದಲಿನ ಚೂರು, ಅಂಟು ಸಿಕ್ಕವು. ಯಾರೋ ಬೇಕೆಂದೇ ಸೇರಿಸಿದ್ದರು! ಈ ಮೋಸವನ್ನು ಬಯಲಿಗೆಳೆದ ತಂಡದ ಮುಂದಾಳು ಷಿಕಾಗೋ ವಿಶ್ವವಿದ್ಯಾಲಯದ ಎಡ್ವರ್ಡ್ ಆಂಡರ್ಸ್. ಈ ಲೇಖನದ ಮುಖ್ಯ ವ್ಯಕ್ತಿಯೂ ಅವರೇ.

ಅದೇ 1964ರಲ್ಲಿ ರೆನಾಟ್ಸೊ ಉಲ್ಕೆಯನ್ನು ಕಾಯಿಸಿ ನೋಡಿದ ರೆನಾಲ್ಡ್ಸ್ ಮತ್ತು ಟರ್ನರ್, ಅದರಿಂದ ಹೊರಟ ಕ್ಸೆನಾನ್‌ನಲ್ಲಿ ಭಾರವಾದ ಐಸೊಟೋಪುಗಳು (ಒಂದೇ ಮೂಲಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಹೆಚ್ಚಾಗಿರುವುದನ್ನು ಕಂಡರು. 1969ರಲ್ಲಿ ಬ್ಲ್ಯಾಕ್ ಮತ್ತು ಪೆಪಿನ್ ವಿಚಿತ್ರ ಐಸೊಟೋಪು ಪ್ರಮಾಣದ ನಿಯಾನ್ ಒಂದನ್ನು ವರದಿ ಮಾಡಿದರು. ಈ ಅನಿಲಗಳು ಕಲ್ಲಿನ ಯಾವ ಭಾಗದಲ್ಲಿ ಅಡಗಿವೆ? ಅದೇ ವರ್ಷ ಮೆಕ್ಸಿಕೊದಲ್ಲಿ ಅಯೆಂಡೆ, ಆಸ್ಟ್ರೇಲಿಯಾದಲ್ಲಿ ಮರ್ಚಿಸನ್ ಉಲ್ಕೆಗಳು ಬಿದ್ದು, ಪ್ರಯೋಗಕ್ಕೆ ಧಾರಾಳವಾಗಿ ಕಲ್ಲು ಒದಗಿತು.

ಆಂಡರ್ಸ್, ರಾಯ್ ಲೂಯಿಸ್ ಮತ್ತು ಸಂಗಡಿಗರು ಹಿಡಿದದ್ದು ಒರಟು ದಾರಿ. ಹೈಡ್ರೋಫ್ಲೋರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳಲ್ಲಿ ಕಲ್ಲನ್ನೇ ಕರಗಿಸಿದರು. ಅಯೆಂಡೆಯ ಶೇಕಡ 1ರಷ್ಟೂ ಉಳಿಯಲಿಲ್ಲ, ಆದರೆ ಆ ಕ್ಸೆನಾನ್ ಶೇಷದಲ್ಲೇ ಇತ್ತು. ಅದು ಯಾವುದೋ ಅತಿಭಾರದ ಮೂಲಧಾತು ಒಡೆದು ಬಂದದ್ದಿರಬೇಕೆಂದು 1975ರ ಸುಮಾರಿಗೆ ಅವರು ಊಹಿಸಿದ್ದರು. ಊಹೆ ತಪ್ಪಾಗಿತ್ತು, ವಿಧಾನ ಸರಿಯಾಗಿತ್ತು.

ಇಂಗಾಲದತ್ತ ಕಣ್ಣು ಹೊರಳಿಸಿದ್ದು 1983ರ ಕೆಲಸ. ಸ್ವಾರ್ಟ್, ಗ್ರೇಡಿ, ಪಿಲಿಂಗರ್ ಅವರು ಷಿಕಾಗೋ ತಂಡದೊಡನೆ ಮರ್ಚಿಸನ್ ಶೇಷವನ್ನು ಹಂತಹಂತವಾಗಿ ಸುಟ್ಟರು. ಅದರ ಒಂದಂಶದಲ್ಲಿ ಇಂಗಾಲ-13ರ ಪ್ರಮಾಣ ಭೂಮಿಯಲ್ಲಿರುವುದರ ಸುಮಾರು ಎರಡರಷ್ಟಿತ್ತು. ಸೌರವ್ಯೂಹದ ಯಾವ ರಾಸಾಯನಿಕ ಕ್ರಿಯೆಯಿಂದಲೂ ಇಷ್ಟು ಅಂತರ ಬರುವುದಿಲ್ಲ; ಅಂದರೆ ಆ ಇಂಗಾಲ ಬೇರೆ ನಕ್ಷತ್ರಗಳಿಂದ ಬಂದದ್ದಿರಬೇಕು.

1987ರಲ್ಲಿ ಲೂಯಿಸ್ ಮತ್ತು ಸಂಗಡಿಗರು ಕ್ಸೆನಾನ್ ಹೊತ್ತ ವಸ್ತು ವಜ್ರವೆಂದು ಗುರುತಿಸಿದರು. ಕಣವೊಂದರ ಅಗಲ ಕೆಲವೇ ನ್ಯಾನೋಮೀಟರ್. ಅದೇ ವರ್ಷ ಮರ್ರೆ ಉಲ್ಕೆಯಲ್ಲಿ ಸಿಲಿಕಾನ್ ಕಾರ್ಬೈಡ್, 1990ರಲ್ಲಿ ಮರ್ಚಿಸನ್‌ನಲ್ಲಿ ಗ್ರಾಫೈಟ್ ಸಿಕ್ಕವು. ಆಮ್ಲಕ್ಕೆ ಬಗ್ಗದ ಖನಿಜಗಳಷ್ಟೇ ಮೊದಲು ಸಿಕ್ಕದ್ದು ವಿಧಾನದ ಮಿತಿಯೂ ಹೌದು. ನಕ್ಷತ್ರಗಳ ಸಿಲಿಕೇಟ್ ಕಣಗಳು ಕರಗಿಹೋಗುತ್ತಿದ್ದವು.

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅರ್ನ್ಸ್ಟ್ ಸಿನ್ನರ್ ಅಯಾನ್ ಸೂಕ್ಷ್ಮಶೋಧಕದಿಂದ ಒಂದೊಂದೇ ಕಣವನ್ನು ಅಳೆಯುವ ಬಗೆಯನ್ನು ಬೆಳೆಸಿದರು. ಸಿಲಿಕಾನ್ ಕಾರ್ಬೈಡ್ ಕಣಗಳಲ್ಲಿ ಬಹುಪಾಲು ಸಾಯುತ್ತಿದ್ದ ಕೆಂಪು ದೈತ್ಯ ನಕ್ಷತ್ರಗಳಿಂದ, ಶೇಕಡ 1ರಷ್ಟು ಸೂಪರ್‌ನೋವಾಗಳಿಂದ ಬಂದವು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮರ್ಚಿಸನ್ ಕಣಗಳ ಪೈಕಿ ಅತಿ ಹಳೆಯದು ಸೂರ್ಯನಿಗಿಂತ ಸುಮಾರು 300 ಕೋಟಿ ವರ್ಷ ಹಿರಿಯದೆಂದು ಲೆಕ್ಕವಾಯಿತು. ಮೊದಲು ಸಿಕ್ಕ ವಜ್ರಕಣಗಳ ಮೂಲವೇ ಇನ್ನೂ ಇತ್ಯರ್ಥವಾಗಿಲ್ಲ: ಅವುಗಳ ಇಂಗಾಲ ಸರಾಸರಿಯಲ್ಲಿ ಸೌರವ್ಯೂಹದ್ದನ್ನೇ ಹೋಲುತ್ತದೆ, ಹಲವು ಇಲ್ಲೇ ಹುಟ್ಟಿರಲೂಬಹುದು.