ಹೊಸ ಹೆಂಚು ಹಾಕಿಸಿದರೂ ಅಟ್ಟ ಸೋರುತ್ತಾ? ಕಾಯಿ ಏರಿಸೋ ಮುಂಚೆ ಇಷ್ಟು ನೋಡಿಕೊಳ್ಳಿ

ತಿಪಟೂರು: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹೆಂಚು ಅಂದರೆ ಬರೀ ನೆರಳಲ್ಲ. ಅದರ ಕೆಳಗಿನ ಅಟ್ಟದಲ್ಲಿ ವರ್ಷದ ದುಡ್ಡು ಕೂತಿರುತ್ತೆ. ಬಲಿತ ಕಾಯಿ ಉಂಡೆ ಕೊಬ್ಬರಿ ಆಗಬೇಕಾದರೆ 8ರಿಂದ 12 ತಿಂಗಳು ಅಟ್ಟದಲ್ಲೇ ಒಣಗಬೇಕು. ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಟಲೊಟ ಅನ್ನಬೇಕು. ನಡುವೆ ಹೆಂಚು ಸೋರಿ ರಾಶಿ ನೆನೆದರೆ ಕಾಯಿ ಮೊಳಕೆ ಒಡೆಯುತ್ತೆ, ಇಲ್ಲಾ ಬೂಷ್ಟು ಹಿಡಿಯುತ್ತೆ. ಕಪ್ಪಾದ ಗಿಟುಕಿಗೆ ಎಪಿಎಂಸಿಯಲ್ಲಿ ಒಳ್ಳೆ ರೇಟು ಸಿಗಲ್ಲ.

ಹೊಸ ಚಾವಣಿ ಮೊದಲ ಮಳೆಗೇ ಸೋರಿದರೆ ಎಲ್ಲರೂ ಬೈಯೋದು ಹೆಂಚನ್ನು. ಆದರೆ 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಕರಾವಳಿಯ ಜಡಿಮಳೆಯನ್ನೇ ತಡೆದುಕೊಂಡು ಬಂದಿರುವ ಹೆಂಚು ಇದು. ಬಯಲುಸೀಮೆಯ ಹಸ್ತ, ಚಿತ್ತೆ ಮಳೆಗೆ ಸೋತಿತು ಅಂದರೆ ಮೊದಲು ನೋಡಬೇಕಾದ್ದು ಹೊದಿಸಿದ ರೀತಿ.

ದೊಡ್ಡ ತಪ್ಪು ಇಳಿಜಾರಿನದು. ಶೀಟಿಗೆ ಅಂತ ಹಾಕಿದ ಕಬ್ಬಿಣದ ಪೈಪಿನ ಮೇಲೇ ಹೆಂಚು ಹೊದಿಸಿಬಿಡ್ತಾರೆ. ಶೀಟಿಗೆ ಕಮ್ಮಿ ಇಳಿಜಾರು ಸಾಕು, ಹೆಂಚಿಗೆ ಸಾಲದು. ಒಂದು ಅಡಿ ಅಡ್ಡಕ್ಕೆ ಸುಮಾರು 7 ಇಂಚು ಎತ್ತರ ಸಿಗಬೇಕು, ಅಂದರೆ 30 ಡಿಗ್ರಿ. ಐದೂವರೆ ಇಂಚಿಗಿಂತ ಕೆಳಗೆ ಬಂದರೆ ಗಾಳಿ ಮಳೆಯಲ್ಲಿ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ಏರಿ ಒಳಗೆ ಇಳಿಯುತ್ತೆ. ಇದಕ್ಕೆ ಸಿಮೆಂಟು ಮೆತ್ತಿ, ಬಣ್ಣ ಬಳಿದು ಪ್ರಯೋಜನ ಇಲ್ಲ. ಪೈಪು ಎತ್ತಿ ಕಟ್ಟಬೇಕು. ಆದ್ದರಿಂದ ರಸಮಟ್ಟ ಇಟ್ಟು ನೋಡೋದು ವೆಲ್ಡಿಂಗ್ ಮುಗಿಯೋ ಮುಂಚೆಯೇ ಆಗಬೇಕು.

ಎರಡನೇದು ರೀಪರ್. ಮೇಲಿನ ಹೆಂಚು ಕೆಳಗಿನದರ ಮೇಲೆ ಎರಡೂವರೆ ಇಂಚಾದರೂ ಕೂರಬೇಕು. ಪೈಪು ಉಳಿಸೋಕೆ ರೀಪರ್ ಅಂತರ ಒಂದೊಂದು ಇಂಚು ಹಿಗ್ಗಿಸಿದರೆ ಮೇಲಿಂದ ಎಲ್ಲ ಸರಿಯಾಗೇ ಕಾಣುತ್ತೆ, ಅಟ್ಟದಲ್ಲಿ ನಿಂತು ನೋಡಿದರೆ ಬೆಳಕು ಬರುತ್ತೆ. ಅಳತೆಯನ್ನು ಬಾಯಿಮಾತಲ್ಲಿ ಹೇಳಬಾರದು. ತಂದ ಹೆಂಚನ್ನೇ ನಾಲ್ಕು ಸಾಲು ಜೋಡಿಸಿ ಹಿಡೀಬೇಕು. ಯಾಕೆಂದರೆ ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ತರ. ಹಳೇ ಮನೆ ಕೆಡವಿದ ಹೆಂಚು ಅಗ್ಗಕ್ಕೆ ಸಿಕ್ಕಿತು ಅಂತ ನಾಲ್ಕು ಮುದ್ರೆಯದನ್ನು ಬೆರೆಸಿದರೆ ಒಂದರ ಗಾಡಿ ಇನ್ನೊಂದಕ್ಕೆ ಕೂರಲ್ಲ.

ಹೆಂಚೂ ಕೆಟ್ಟದಿರಬಹುದು, ಇಲ್ಲ ಅಂತಲ್ಲ. ಬೆರಳಲ್ಲಿ ತಟ್ಟಿದರೆ ಟಣ್ ಅನ್ನಬೇಕು. ಡಬ್ ಅಂದರೆ ಬಿರುಕು, ಇಲ್ಲಾ ಸುಟ್ಟಿದ್ದು ಸಾಲದು. ಅಂಗಡಿಯವರಿಗೆ ತಕ್ಕಡಿ ಕೈಯಲ್ಲೇ ಇರುತ್ತೆ. ಒಣ ಹೆಂಚು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಭಾರತೀಯ ಮಾನಕ ಬ್ಯೂರೋದ ಐಎಸ್ 654ರ ಪ್ರಕಾರ ಕುಡಿದ ನೀರು ಒಣ ತೂಕದ ಶೇ 20 ಮೀರಬಾರದು. ಎರಡೂವರೆ ಕೆ.ಜಿ. ಹೆಂಚು ಮೂರು ಕೆ.ಜಿ. ದಾಟಿದರೆ ಆ ಲೋಡು ವಾಪಸ್ ಕಳಿಸೋದೇ ಸರಿ. ನೂರು ಚದರಡಿಗೆ ಸುಮಾರು 150 ಹೆಂಚು ಬೇಕು. ಅಷ್ಟೂ ನೀರು ಕುಡಿದು ಕೂತರೆ ಭಾರ ಬೀಳೋದು ಪೈಪಿನ ಮೇಲೆ.

ಮೇಲ್ತುದಿಯ ಹೆಂಚಿಗೆ ಹಾಕಿದ ಸಿಮೆಂಟು ಬಿರಿಯೋದು ಮಾಮೂಲಿ. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ಹೆಚ್ಚು ಸಿಮೆಂಟಿನ ಗಾರೆ ಅದಕ್ಕೆ ಬಗ್ಗಲ್ಲ. ಅಂಚಿನ ಸಾಲಿನ ಹೆಂಚನ್ನು ಕೆಳಗಿನ ತೂತಿಗೆ ತಂತಿ ಹಾಕಿ ರೀಪರ್‌ಗೆ ಕಟ್ಟಿಸಿ. ಇಲ್ಲದಿದ್ದರೆ ಗಾಳಿಗಿಂತ ಮೊದಲು ಕೋತಿಗಳೇ ಸರಿಸ್ತವೆ. ಎರಡು ಚಾವಣಿ ಸೇರೋ ದೋಣಿಯಲ್ಲಿ ಗರಿ, ಹೊಂಬಾಳೆ ಕಸ ಕಟ್ಟಿಕೊಂಡರೆ ನೀರು ಉಕ್ಕಿ ಒಳಗೆ ಬರುತ್ತೆ, ಅದು ಮೇಸ್ತ್ರಿ ತಪ್ಪಲ್ಲ. ಮನೆ ಮೇಲೆ ಬಾಗಿದ ಮರದ ಕಾಯನ್ನು ತಾನಾಗೇ ಬೀಳೋಕೆ ಬಿಡದೆ ಕೀಳಿಸಿ.

ಕೆಲಸ ಮುಗಿದ ದಿನವೇ ಪೂರ್ತಿ ದುಡ್ಡು ಕೊಡಬೇಡಿ. ಮೇಲಿನಿಂದ ಪೈಪಲ್ಲಿ ಅರ್ಧ ಗಂಟೆ ನೀರು ಬಿಟ್ಟು, ಒಬ್ಬರು ಖಾಲಿ ಅಟ್ಟದಲ್ಲಿ ನಿಂತು ನೋಡಿ. ಒಂದು ಗಾಳಿ ಮಳೆ ಕಳೆಯೋವರೆಗೆ ಸ್ವಲ್ಪ ಬಾಕಿ ಇಟ್ಟುಕೊಳ್ತೀವಿ ಅಂತ ಮೊದಲೇ ಬರೆದುಕೊಂಡರೆ ಆಮೇಲೆ ಜಗಳ ಇರಲ್ಲ. ಮೇಸ್ತ್ರಿ ಫೋನೇ ಎತ್ತದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕ ಇಲ್ಲ. ಅದಕ್ಕೂ ಮುಂಚೆ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಹೆಂಚಿನ ಬಿಲ್ಲು, ಫೋನ್‌ಪೇಯಲ್ಲಿ ಕೊಟ್ಟ ಲೆಕ್ಕ, ಸೋರುವಾಗ ತೆಗೆದ ಫೋಟೋ ಜೊತೆಗಿರಲಿ.